ಬಾಯಿಲ್ಲದ ಅತಿಥಿಗೆ ಏನು ಬಡಿಸುತ್ತೀರಿ?

ಹುಳುಹುಪ್ಪಟೆ: ಓದುಗರ ಪ್ರಶ್ನೆಗಳಿಗೆ ನಿವೃತ್ತ ರೇಷ್ಮೆ ವಿಸ್ತರಣಾಧಿಕಾರಿಯ ಉತ್ತರ

ಈ ಸಲದ ಪತ್ರಗಳಲ್ಲಿ ಹೆಚ್ಚಿನವು ಪತಂಗಗಳ ಬಗ್ಗೆಯೇ ಇವೆ. ಮಲೆನಾಡಿನಲ್ಲಿ ಮಳೆ ಹಿಡಿಯಿತೆಂದರೆ ಪ್ರತಿ ವರ್ಷವೂ ಹೀಗೇ. ಹಿಪ್ಪುನೇರಳೆಯ ಎಲೆಚುಕ್ಕೆ ರೋಗದ ಬಗ್ಗೆ ಕೇಳಿದವರು ಮುಂದಿನ ಸಂಚಿಕೆಯವರೆಗೆ ದಯವಿಟ್ಟು ತಾಳಬೇಕು.

ಪ್ರಶ್ನೆ: ಜೂನ್ ಕೊನೆಯಲ್ಲಿ ಒಂದು ಬೆಳಿಗ್ಗೆ ನಮ್ಮ ಜಗುಲಿಯ ಗೋಡೆಯ ಮೇಲೆ ಗೇಣಗಲದ ಕೆಂಗಂದು ಪತಂಗವೊಂದು ಕುಳಿತಿತ್ತು. ಸಂಜೆಯಾದರೂ ಕದಲಲಿಲ್ಲ. ರೆಕ್ಕೆಯ ತುದಿ ಥೇಟ್ ಹಾವಿನ ತಲೆ. ನಮ್ಮ ಅತ್ತೆಯವರು “ಮನೆಯ ಹಿರಿಯರು ಬಂದಿದ್ದಾರೆ, ಮುಟ್ಟಬೇಡ” ಎಂದರು. ಮಗಳು ಬೆಲ್ಲದ ನೀರು ಇಟ್ಟಳು, ಅದು ತಿರುಗಿಯೂ ನೋಡಲಿಲ್ಲ. ಅದಕ್ಕೆ ಕಾಯಿಲೆಯೇ? ತಿನ್ನಲು ಏನು ಕೊಡಬೇಕು?
– ಗೃಹಿಣಿ, ಶಿರಸಿ ತಾಲ್ಲೂಕು

ಉತ್ತರ: ಕಾಯಿಲೆಯೇನೂ ಇಲ್ಲ ತಾಯಿ, ಅದಕ್ಕೆ ಬಾಯಿಯೇ ಇಲ್ಲ. ಚಿಟ್ಟೆಗೆ ಸುರುಳಿ ಸುತ್ತಿದ ಹೀರುನಳಿಕೆ ಇರುತ್ತದಲ್ಲ, ಈ ಪತಂಗದಲ್ಲಿ ಅದು ಕುರುಹಿಗಷ್ಟೇ ಉಳಿದಿದೆ, ಕುಡಿಯಲು ಬಾರದು. ಮಗಳ ಬೆಲ್ಲದ ನೀರಿನಿಂದ ಇರುವೆಗಳಿಗೆ ಲಾಭವಾಗಿರಬೇಕು.

ನಿಮ್ಮಲ್ಲಿಗೆ ಬಂದದ್ದು ಅಟ್ಲಾಸ್ ಪತಂಗ. ನಮ್ಮ ಪಶ್ಚಿಮ ಘಟ್ಟದಲ್ಲೂ ಶ್ರೀಲಂಕಾದಲ್ಲೂ ಇರುವ ಜಾತಿಯನ್ನು ವಿಜ್ಞಾನಿಗಳು ಅಟಾಕಸ್ ಟಾಪ್ರೊಬಾನಿಸ್ ಎಂದು ಕರೆಯುತ್ತಾರೆ. ಹಿಮಾಲಯದ ತಪ್ಪಲಿನಿಂದ ಈಶಾನ್ಯ ರಾಜ್ಯಗಳನ್ನು ದಾಟಿ ಇಂಡೋನೇಷ್ಯಾದವರೆಗೆ ಸಿಗುವುದು ಅದರ ದಾಯಾದಿ, ಅಟಾಕಸ್ ಅಟ್ಲಾಸ್. “ಜಗತ್ತಿನ ಅತಿ ದೊಡ್ಡ ಪತಂಗ ಪತ್ತೆ” ಎಂದು ವರ್ಷಕ್ಕೊಮ್ಮೆ ಮೊಬೈಲಿನಲ್ಲಿ ಹರಿದಾಡುವ ಚಿತ್ರ ಅಟ್ಲಾಸ್ ಪತಂಗದ್ದೇ. ದೊಡ್ಡದೇನೋ ಹೌದು. ಆದರೆ ರೆಕ್ಕೆಯ ಅಗಲದಲ್ಲಿ ದಕ್ಷಿಣ ಅಮೆರಿಕದ ಪತಂಗವೊಂದು ಇದನ್ನು ಮೀರಿಸುತ್ತದೆ, ನ್ಯೂಗಿನಿಯ ಹರ್ಕ್ಯುಲಿಸ್ ಪತಂಗ ಸರಿಸಾಟಿಯಾಗಿ ನಿಲ್ಲುತ್ತದೆ. ಇನ್ನು “ಪತ್ತೆ” ಎನ್ನುವುದಂತೂ ಶುದ್ಧ ತಮಾಷೆ. ನಿಮ್ಮ ಬೆಟ್ಟದಲ್ಲಿ ಅದು ನಿಮ್ಮ ಮನೆಗಿಂತ ಮೊದಲಿನಿಂದ ಇದೆ.

ಗೋಡೆಯ ಮೇಲೆ ಕುಳಿತದ್ದು ಹೊಟ್ಟೆಗಿಲ್ಲದೆ ಸೋತು ಅಲ್ಲ, ಲೆಕ್ಕಾಚಾರದಿಂದ. ಅದರ ಇಡೀ ಆಸ್ತಿ ಹುಳುವಾಗಿದ್ದಾಗ ತಿಂದು ಕೂಡಿಸಿಟ್ಟ ಕೊಬ್ಬು. ಅದು ಮುಗಿದ ದಿನ ಆಯುಷ್ಯವೂ ಮುಗಿಯಿತು: ಒಂದು ವಾರ, ಹೆಚ್ಚೆಂದರೆ ಹತ್ತು ಹನ್ನೆರಡು ದಿನ. ಆದ್ದರಿಂದ ಹಗಲಿಡೀ ಅಲುಗಾಡದೆ ಉಳಿಸಿ, ರಾತ್ರಿ ಮಾತ್ರ ಖರ್ಚು ಮಾಡುತ್ತದೆ. ಆ ಖರ್ಚೂ ಒಂದೇ ಬಾಬ್ತಿಗೆ, ಸಂತಾನಕ್ಕೆ.

ಮುಂದಿನ ಸಲ ಬಂದರೆ ತಲೆಯ ಮೇಲಿನ ಕುಡಿಮೀಸೆಯನ್ನು ನೋಡಿ. ಅಗಲವಾಗಿ, ದಟ್ಟ ಗರಿಯ ಹಾಗಿದ್ದರೆ ಗಂಡು. ಕಿರಿದಾಗಿದ್ದು ಹೊಟ್ಟೆ ದಪ್ಪಗಿದ್ದರೆ ಹೆಣ್ಣು. ಹೆಣ್ಣು ತಾನು ಹೊರಬಂದ ಗೂಡಿನಿಂದ ಹೆಚ್ಚು ದೂರ ಹೋಗುವುದಿಲ್ಲ. ಕತ್ತಲಾದ ಮೇಲೆ ಹೊಟ್ಟೆಯ ತುದಿಯ ಗ್ರಂಥಿಯನ್ನು ಹೊರಚಾಚಿ ಒಂದು ವಾಸನೆಯನ್ನು ಗಾಳಿಗೆ ಬಿಡುತ್ತದೆ. ನಿಮಗೆ ನನಗೆ ಅದು ಗೊತ್ತಾಗದು. ಗಂಡು ಮಾತ್ರ ಆ ಗರಿಮೀಸೆಯಿಂದ ಅದನ್ನು ಬಹುದೂರದಿಂದಲೇ ಹಿಡಿದು, ಗಾಳಿಗೆ ಎದುರಾಗಿ ಹಾರಿ ಬರುತ್ತದೆ. ಇಂತಹ ವಾಸನೆಯ ರಾಸಾಯನಿಕವನ್ನು ಜಗತ್ತಿನಲ್ಲಿ ಮೊದಲು ಗುರುತಿಸಿದ್ದು 1959ರಲ್ಲಿ, ಅದೂ ನಮ್ಮ ರೇಷ್ಮೆ ಪತಂಗದಿಂದಲೇ. ಜರ್ಮನಿಯ ಬುಟೆನಾಂಟ್ ತಂಡ ಲಕ್ಷಗಟ್ಟಲೆ ಹೆಣ್ಣು ಪತಂಗಗಳಿಂದ ಅದನ್ನು ಚೂರುಪಾರು ಸಂಗ್ರಹಿಸಿತ್ತು. ರೇಷ್ಮೆ ಮೊಟ್ಟೆ ತಯಾರಿಸುವ ಬಿತ್ತನೆ ಕೋಠಿಯಲ್ಲಿ ಕೆಲಸ ಮಾಡಿದವರಿಗೆ ಇದರ ಪರಿಣಾಮ ಕಣ್ಣಾರೆ ಗೊತ್ತು. ಹೆಣ್ಣಿನ ತಟ್ಟೆಯನ್ನು ಹತ್ತಿರ ತಂದರೆ ಸಾಕು, ಅಲ್ಲಿಯವರೆಗೆ ಸುಮ್ಮನಿದ್ದ ಗಂಡುಗಳೆಲ್ಲ ಒಮ್ಮೆಗೇ ರೆಕ್ಕೆ ಪಟಪಟಿಸುತ್ತ ಗಿರಗಿರನೆ ಸುತ್ತತೊಡಗುತ್ತವೆ. ಹಾರಲಂತೂ ಬಾರದು ಪಾಪ.

ಕೂಡಿಕೆ ಮುಗಿದ ಮೇಲೆ ಹೆಣ್ಣು ಎಲೆಗಳ ಮೇಲೆ ಇನ್ನೂರರ ಆಸುಪಾಸು ಮೊಟ್ಟೆ ಅಂಟಿಸುತ್ತದೆ. ಕೆಲವೊಮ್ಮೆ ಗೋಡೆಯ ಮೇಲೂ ಇಟ್ಟುಬಿಡುತ್ತದೆ. ಗಂಡು ಸಿಗದ ಹೆಣ್ಣೂ ಕೊನೆಗೆ ಮೊಟ್ಟೆ ಇಡುತ್ತದೆ, ಅವು ಒಡೆಯುವುದಿಲ್ಲ. ನಿಮ್ಮ ಗೋಡೆಯ ಮೇಲೆ ಮೊಟ್ಟೆ ಕಂಡರೆ ಎರಡು ವಾರ ಬಿಡಿ. ಕೂಡಿಕೆಯಾದವಾದರೆ ಸುಮಾರು ಹತ್ತು ದಿನಕ್ಕೆ ಮರಿ ಹೊರಬಂದು, ಮೊದಲ ಊಟವಾಗಿ ತನ್ನ ಮೊಟ್ಟೆಯ ಸಿಪ್ಪೆಯನ್ನೇ ತಿನ್ನುತ್ತದೆ. ಆಮೇಲೆ ಅದಕ್ಕೆ ದಾಲ್ಚಿನ್ನಿಯೋ ಪೇರಲೆಯೋ ನಿಂಬೆಯೋ, ಯಾವುದಾದರೂ ಎಲೆ ಬೇಕು. ಗೋಡೆಯ ಸುಣ್ಣದಿಂದ ಹೊಟ್ಟೆ ತುಂಬದು.

ಇನ್ನು ಹಾವಿನ ತಲೆ. ಹಗಲು ಹಕ್ಕಿಯೋ ಓತಿಯೋ ಹತ್ತಿರ ಬಂದಾಗ ಪತಂಗ ನೆಲಕ್ಕೆ ಬಿದ್ದು ನಿಧಾನವಾಗಿ ರೆಕ್ಕೆ ಬಡಿದರೆ, ತುದಿಯ ಕಣ್ಣಿನಂತಹ ಚುಕ್ಕೆ ಹಾವು ಹೊರಳಿದ ಹಾಗೆ ಕಾಣುತ್ತದೆ ಎಂದು ಬಹಳ ಜನ ಬರೆದಿದ್ದಾರೆ. ಇರಬಹುದು, ನಾನು ತಕರಾರು ತೆಗೆಯುವುದಿಲ್ಲ. ಆದರೆ ಈ ಜೀವಿ ಹಾರುವುದು ರಾತ್ರಿ, ರಾತ್ರಿಯ ಶತ್ರು ಬಾವಲಿ. ಬಾವಲಿ ಬೇಟೆಯಾಡುವುದು ತನ್ನದೇ ಕೂಗಿನ ಪ್ರತಿಧ್ವನಿಯನ್ನು ಕೇಳಿಸಿಕೊಂಡು, ಅದಕ್ಕೆ ಚಿತ್ರದ ಹಾವು ಯಾವ ಲೆಕ್ಕ? ಈ ಕುಟುಂಬದ ಪತಂಗಗಳಿಗೆ ಕಿವಿಯೂ ಇಲ್ಲ, ಬಾವಲಿ ಬರುವುದು ಕೇಳಿಸದು. 2021ರಲ್ಲಿ ಇಂಗ್ಲೆಂಡಿನ ಬ್ರಿಸ್ಟಲ್ ವಿಶ್ವವಿದ್ಯಾಲಯದವರು ಅಟ್ಲಾಸ್ ಮತ್ತು ಅದರ ಬಳಗದ ಪತಂಗಗಳ ರೆಕ್ಕೆಗೆ ಬಾವಲಿಯ ಕೂಗಿನಂತಹ ಶಬ್ದ ಹಾಯಿಸಿ ನೋಡಿದರು. ಮಡಿಕೆ ಬಿದ್ದ ಆ ರೆಕ್ಕೆತುದಿಯಿಂದ ಬರುವ ಪ್ರತಿಧ್ವನಿ ಮೈಯಿಂದ ಬರುವುದಕ್ಕಿಂತ ಜೋರಾಗಿತ್ತು. ಅಂದರೆ ಬಾವಲಿ ಬಾಯಿ ಹಾಕುವುದು ತುದಿಗೆ, ಪತಂಗ ಚೂರು ರೆಕ್ಕೆ ಕಳೆದುಕೊಂಡು ಪ್ರಾಣ ಉಳಿಸಿಕೊಳ್ಳುತ್ತದೆ. ತುದಿ ಹರಿದ ಅಟ್ಲಾಸ್ ನೋಡಿದರೆ ಅಯ್ಯೋ ಎನ್ನಬೇಡಿ, ಅದು ಒಂದು ರಾತ್ರಿ ಗೆದ್ದು ಬಂದದ್ದಿರಬಹುದು.

ನಿಮ್ಮ ಅತ್ತೆಯವರಿಗೆ ನನ್ನ ನಮಸ್ಕಾರ ತಿಳಿಸಿ. ಬಂದವರು ಹಿರಿಯರೋ ಅಲ್ಲವೋ, “ಮುಟ್ಟಬೇಡ” ಎಂಬಲ್ಲಿ ಅವರದೂ ನನ್ನದೂ ಒಂದೇ ಮಾತು.

ಪ್ರಶ್ನೆ: ನಾನು ಪಿಯುಸಿ ವಿದ್ಯಾರ್ಥಿ. ನಮ್ಮ ತೋಟದ ದಾಲ್ಚಿನ್ನಿ ಮರದಲ್ಲಿ ಒಣ ಎಲೆ ಸುತ್ತಿಕೊಂಡ ಕಂದು ಗೂಡೊಂದು ಜನವರಿಯಿಂದ ನೇತಾಡುತ್ತಿತ್ತು. ಕೊಂಬೆ ಸಮೇತ ಕೊಯ್ದು ತಂದು ಬೂಟಿನ ಡಬ್ಬಿಯಲ್ಲಿ ಇಟ್ಟಿದ್ದೇನೆ. ಯಾವಾಗ ಒಡೆಯುತ್ತದೆ? ಇದರಿಂದ ರೇಷ್ಮೆ ತೆಗೆಯಬಹುದೇ?
– ವಿದ್ಯಾರ್ಥಿ, ತೀರ್ಥಹಳ್ಳಿ

ಉತ್ತರ: ಮೊದಲು ಡಬ್ಬಿಯಿಂದ ಹೊರಗೆ ತೆಗೆ ಮಾರಾಯ. ಆಮೇಲೆ ಮಾತನಾಡೋಣ.

ಪತಂಗ ಗೂಡಿನಿಂದ ಹೊರಬಂದಾಗ ಅದರ ರೆಕ್ಕೆ ಮುದುಡಿ ಒದ್ದೆಯಾಗಿ, ಬೆರಳುದ್ದವೂ ಇರುವುದಿಲ್ಲ. ಅದು ಮೇಲೆ ಹತ್ತಿ, ತಲೆಕೆಳಗಾಗಿಯೋ ಓರೆಯಾಗಿಯೋ ಜೋತುಬಿದ್ದು, ಮೈಯ ದ್ರವವನ್ನು ರೆಕ್ಕೆಯ ನರಗಳಿಗೆ ಒತ್ತಿ ತುಂಬಬೇಕು. ಆಗ ರೆಕ್ಕೆ ಬಿಚ್ಚಿಕೊಂಡು ಇಳಿಬೀಳುತ್ತದೆ, ಮತ್ತೆ ಕೆಲವು ಗಂಟೆ ಒಣಗಬೇಕು. ಡಬ್ಬಿಯ ಜಾರುಗೋಡೆಯಲ್ಲಿ ಹತ್ತಲು ಹಿಡಿತವಿಲ್ಲ, ಬಿಚ್ಚಿಕೊಳ್ಳಲು ಜಾಗವಿಲ್ಲ. ಮುದುಡಿದಲ್ಲೇ ಒಣಗಿದ ರೆಕ್ಕೆಯನ್ನು ಆಮೇಲೆ ಯಾರೂ ಸರಿಮಾಡಲಾರರು. ಆ ಕೊಂಬೆಯನ್ನು ಮರದಲ್ಲಿದ್ದ ಭಂಗಿಯಲ್ಲೇ, ಮಳೆ ಹೊಡೆಯದ ಆದರೆ ಗಾಳಿಯಾಡುವ ಕಡೆ, ಅದೇ ದಾಲ್ಚಿನ್ನಿ ಮರಕ್ಕೆ ಕಟ್ಟಿದರೆ ಇನ್ನೂ ಒಳ್ಳೆಯದು, ತೂಗುಹಾಕು. ಮನೆಯೊಳಗೇ ಇಡುವುದಾದರೆ ಕೆಳಗೆ ಹಳೆಯ ಪತ್ರಿಕೆ ಹಾಸು. ಹೊರಬಂದ ಪತಂಗ ಒಡಲಲ್ಲಿ ಉಳಿದ ಕಲ್ಮಶದ ದ್ರವವನ್ನು ಒಂದು ಪಿಚಕಾರಿ ಬಿಡುತ್ತದೆ, ಅಮ್ಮನಿಂದ ಬೈಸಿಕೊಳ್ಳುವುದು ನೀನು.

ಯಾವಾಗ ಎಂದು ಕೇಳಿದ್ದೀಯ. ಮಳೆಗಾಲದ ಪೀಳಿಗೆಯಾದರೆ ಗೂಡು ಕಟ್ಟಿದ ನಾಲ್ಕು ವಾರಕ್ಕೆ ಹೊರಬರುವುದುಂಟು. ನಿನ್ನದು ಜನವರಿಯ ಗೂಡು. ಒಣಗಾಲ ಕಂಡರೆ ಒಳಗಿನ ಕೋಶ (ಹುಳು ಪತಂಗವಾಗುವ ನಡುವಿನ ಹಂತ) ಬೆಳವಣಿಗೆ ನಿಲ್ಲಿಸಿ ತಿಂಗಳುಗಟ್ಟಲೆ ಕಾಯುತ್ತದೆ. ಹೊರಗೆ ಎಳೆಯ ಎಲೆ ವಿರಳವಾಗಿರುವಾಗ ಮೊಟ್ಟೆಯಿಟ್ಟು ಮಾಡುವುದೇನು? ಗಾಳಿಯಲ್ಲಿ ತೇವ ಬಂದ ಮೇಲೆ ಮುಂದಿನ ಕೆಲಸ. ಕಿವಿಯ ಬಳಿ ಹಿಡಿದು ಮೆಲ್ಲಗೆ ಅಲುಗಿಸು. ಭಾರವಾದದ್ದೊಂದು ಒಳಗೆ ಹೊರಳಿದಂತೆ ಅನ್ನಿಸಿದರೆ ಜೀವವಿದೆ. ಹಗುರವಾಗಿ ಗಿಲಕಿಯಂತೆ ಸದ್ದು ಬಂದರೆ, ಅಥವಾ ಗೂಡಿನ ಮೈಯಲ್ಲಿ ದುಂಡನೆಯ ಸಣ್ಣ ತೂತಿದ್ದರೆ, ಕಣಜವೋ ನೊಣವೋ ಒಳಗಿದ್ದುದನ್ನು ತಿಂದು ಮುಗಿಸಿದೆ. ರೇಷ್ಮೆ ಬೆಳೆಗಾರರಿಗೆ ಊಜಿ ನೊಣ ಗೊತ್ತಲ್ಲ, 1980ರಲ್ಲಿ ಕರ್ನಾಟಕಕ್ಕೆ ಕಾಲಿಟ್ಟು ಮನೆ ಮನೆಯಲ್ಲಿ ಹುಳು ಹಾಳುಮಾಡಿತು. ಅದರ ಬಂಧುಗಳು ಕಾಡಿನಲ್ಲಿ ಮೊದಲಿಂದಲೂ ಇದೇ ಕಸುಬು ಮಾಡಿಕೊಂಡಿವೆ.

ಒಂದು ವಿಷಯವನ್ನು ಮಾತ್ರ ಗಮನವಿಟ್ಟು ನೋಡು. ಎಲೆಯ ತೊಟ್ಟಿಗೂ ಕೊಂಬೆಗೂ ನಡುವೆ ನೂಲು ಸುತ್ತಿ ಬಿಗಿದಿರುತ್ತದೆ. ಗೂಡು ಕಟ್ಟುವ ಮುನ್ನ ಹುಳು ಮಾಡುವ ಮುಖ್ಯ ಕೆಲಸಗಳಲ್ಲಿ ಇದೂ ಒಂದು. ಎಲೆ ಒಣಗಿ ತೊಟ್ಟು ಕಳಚಿದರೂ ಗೂಡು ಬೀಳಬಾರದಲ್ಲ. ದಾಲ್ಚಿನ್ನಿ ನಿತ್ಯಹಸಿರು ಮರ, ಒಣಗಿದ ಬೇರೆ ಎಲೆಗಳು ಒಂದೊಂದಾಗಿ ಉದುರಿಹೋಗುತ್ತವೆ, ಹಸಿರಿನ ನಡುವೆ ಇದೊಂದು ಒಣ ಎಲೆ ಮಾತ್ರ ನೇತಾಡುತ್ತಲೇ ಇರುತ್ತದೆ. ನಿನ್ನ ಕಣ್ಣಿಗೆ ಬಿದ್ದದ್ದೂ ಅದಕ್ಕೇ.

ರೇಷ್ಮೆ ವಿಷಯ. ಹಿಪ್ಪುನೇರಳೆ ತಿನ್ನುವ ಹುಳುವಿನ ಒಂದು ಗೂಡಿನಿಂದ ಸಾವಿರ ಮೀಟರಿನ ಆಸುಪಾಸು ಒಂದೇ ಎಳೆ ಬಿಚ್ಚಬಹುದು. ಅಟ್ಲಾಸ್ ಗೂಡಿನ ನೂಲು ತುಂಡು ತುಂಡು, ಬಿಸಿನೀರಿನಲ್ಲಿ ಹಾಕಿ ಬಿಚ್ಚಲು ಬರುವುದಿಲ್ಲ, ಹಿಂಜಿ ನೂಲಬೇಕು. ಫಗಾರ ಎಂಬ ಹೆಸರಿನಲ್ಲಿ ಅದಕ್ಕೆ ಸ್ವಲ್ಪ ಮಾರುಕಟ್ಟೆ ಇದೆ, ತೈವಾನಿನಲ್ಲಿ ಗೂಡನ್ನೇ ಚೀಲವಾಗಿ ಬಳಸಿದ್ದಾರೆ. ನಿನಗೆ ಕಾಡುರೇಷ್ಮೆಯಲ್ಲಿ ಆಸಕ್ತಿ ಇದ್ದರೆ ಹರಳೆಲೆಯ ಮೇಲೆ ಸಾಕುವ ಎರಿ, ಮತ್ತಿ ಮರದ ಮೇಲೆ ಬೆಳೆಸುವ ಟಸರ್, ಅಸ್ಸಾಮಿನ ಮೂಗಾ ಇವುಗಳ ಬಗ್ಗೆ ಓದು. ಇವೆಲ್ಲ ನಿನ್ನ ಗೂಡಿನ ಒಡೆಯನ ನೆಂಟರೇ. ನಮ್ಮ ಹಿಪ್ಪುನೇರಳೆ ಹುಳು ಮಾತ್ರ ಬೇರೆ ಮನೆತನ.

ಪ್ರಶ್ನೆ: ಮೂರು ವರ್ಷದ ದಾಲ್ಚಿನ್ನಿ ಗಿಡಗಳಲ್ಲಿ ಬೆರಳು ದಪ್ಪದ, ಬಿಳಿ ಹಿಟ್ಟು ಬಳಿದಂತಹ ಹಸಿರು ಹುಳುಗಳು ಎಲೆ ಬೋಳಿಸುತ್ತಿವೆ. ಯಾವ ಔಷಧ ಹೊಡೆಯಬೇಕು?
– ಕೃಷಿಕ, ಸುಳ್ಯ

ಉತ್ತರ: ಯಾವುದೂ ಬೇಡ. ಮೇಲಿನ ಇಬ್ಬರು ಓದುಗರು ಕೇಳಿದ ಪತಂಗದ ಮರಿಗಳೇ ನಿಮ್ಮ ಗಿಡದಲ್ಲಿರುವುದು. ಹುಳುವಿನ ಕಾಲವೆಂದರೆ ತಿಂಗಳು, ತಿಂಗಳೊಪ್ಪತ್ತು. ಅಷ್ಟರಲ್ಲಿ ಜ್ವರದಿಂದ ಜ್ವರಕ್ಕೆ ಚರ್ಮ ಬಿಡುತ್ತ ನಾಲ್ಕೂವರೆ ಇಂಚಿನವರೆಗೆ ಬೆಳೆಯುತ್ತದೆ (ರೇಷ್ಮೆಯವರ ಭಾಷೆ ಬಾಯಿಗೆ ಬಂತು, ಪೊರೆ ಬಿಡುವ ಹೊತ್ತಿಗೆ ನಾವು ಜ್ವರ ಎನ್ನುತ್ತೇವೆ). ಪತಂಗವಾದ ಮೇಲೆ ಊಟವಿಲ್ಲವಾದ್ದರಿಂದ ಗೇಣಗಲದ ಆ ರೆಕ್ಕೆ, ಇನ್ನೂರು ಮೊಟ್ಟೆ, ರಾತ್ರಿಯ ಹಾರಾಟ ಎಲ್ಲಕ್ಕೂ ಬೇಕಾದದ್ದನ್ನು ಈಗಲೇ, ನಿಮ್ಮ ಎಲೆಯಿಂದಲೇ ಗಳಿಸಬೇಕು. ತಿನ್ನದೆ ಏನು ಮಾಡೀತು?

ಮೈಮೇಲಿನ ಹಿಟ್ಟು ಮೇಣದ ಪುಡಿ, ಬೆರಳಿಗೆ ಅಂಟುತ್ತದೆ. ಅಪಾಯವೇನಿಲ್ಲ. ಹೆಚ್ಚು ಕೆಣಕಿದರೆ ಒಂದು ದ್ರವ ಚಿಮ್ಮಿಸುತ್ತದೆ. ಕೈಗೆ ಬಟ್ಟೆ ಸುತ್ತಿಕೊಂಡು ಹುಳು ಕುಳಿತ ರೆಂಬೆಯನ್ನೇ ಕತ್ತರಿಸಿ, ಬೇಲಿಯಾಚೆಯ ದೊಡ್ಡ ದಾಲ್ಚಿನ್ನಿಗೋ ಹಾಲುಮಡ್ಡಿ ಮರಕ್ಕೋ ಸಾಗಿಸಿ. ಕಿತ್ತೆಳೆಯಬೇಡಿ, ಕಾಲು ಎಲೆಗೆ ಎಷ್ಟು ಗಟ್ಟಿಯಾಗಿ ಕಚ್ಚಿಕೊಂಡಿರುತ್ತದೆ ಎಂದರೆ ಕಾಲೇ ಕಿತ್ತು ಬಂದೀತು. ಹಸಿರೆಲೆಯ ನಡುವೆ ಕಾಣುವುದಿಲ್ಲ ಎನ್ನುವಿರಾದರೆ ಮೇಲೆ ನೋಡಬೇಡಿ, ನೆಲ ನೋಡಿ. ಕಾಳುಮೆಣಸಿನ ಗಾತ್ರದ, ಮೈಯಲ್ಲಿ ಗೀರುಗಳಿರುವ ಹಿಕ್ಕೆ ಬಿದ್ದಿರುವ ಜಾಗದಿಂದ ನೇರ ತಲೆಯೆತ್ತಿದರೆ ಹುಳು ಅಲ್ಲೇ ಇರುತ್ತದೆ. ಹಿಕ್ಕೆ ಹಸಿಯಾಗಿದ್ದರೆ ಮಾತ್ರ.

ಇನ್ನೂರು ಮೊಟ್ಟೆಯಲ್ಲಿ ಗೂಡಿನವರೆಗೆ ತಲುಪುವವು ಬೆರಳೆಣಿಕೆಯಷ್ಟು. ಉಳಿದವುಗಳಿಗೆ ಇರುವೆ, ಹಕ್ಕಿ, ಕಣಜ, ನೊಣ, ರೋಗ ಎಲ್ಲವೂ ಪಾಲುದಾರರು. ನೀವು ಔಷಧ ಹೊಡೆದರೆ ಮೊದಲು ಸಾಯುವುದು ಆ ಪಾಲುದಾರರೇ.

ಪ್ರಶ್ನೆ: ಇಷ್ಟು ದೊಡ್ಡ ಹುಳು ನಿರಪಾಯಕಾರಿ ಎನ್ನುತ್ತೀರಿ. ಹಾಗಾದರೆ ನಮ್ಮ ಕಡೆ ಮೊದಲ ಮಳೆಗೆ ಚಿಗುರಿದ ತೇಗದ ಕಾಡು ಕೆಲವೇ ದಿನಗಳಲ್ಲಿ ಬೋಳಾಗುವುದು ಯಾವುದರಿಂದ? ಮರದಡಿ ನಿಂತರೆ ಮಳೆ ಹನಿದಂತೆ ಹಿಕ್ಕೆ ಉದುರುತ್ತದೆ.
– ನಿವೃತ್ತ ಶಿಕ್ಷಕ, ಹಳಿಯಾಳ

ಉತ್ತರ: ಅದು ಹೈಬ್ಲಿಯಾ ಪ್ಯೂರಾ ಎಂಬ ಪತಂಗದ ಹುಳು. ಪತಂಗ ರೆಕ್ಕೆ ಬಿಚ್ಚಿದರೂ ಒಂದೂವರೆ ಇಂಚು ದಾಟದು, ಮುಂದಿನ ರೆಕ್ಕೆ ಒಣ ಎಲೆಯ ಬಣ್ಣ, ಹಿಂದಿನದರಲ್ಲಿ ಕಪ್ಪಿನ ನಡುವೆ ಕಿತ್ತಳೆ. ಯಾರೂ ಫೋಟೊ ತೆಗೆಯುವುದಿಲ್ಲ. ಆದರೆ ತೇಗಕ್ಕೆ ಲೆಕ್ಕ ಹಾಕಿದರೆ ಅಟ್ಲಾಸಿಗಿಂತ ಇದೇ ದೊಡ್ಡ ಪತಂಗ.

ಇದರ ಬಲವಿರುವುದು ವೇಗದಲ್ಲಿ. ಮೊಟ್ಟೆಯಿಂದ ಪತಂಗವಾಗಲು ಮೂರು ವಾರ ಸಾಕು, ಬಿಸಿಲು ಹೆಚ್ಚಿದ್ದರೆ ಇನ್ನೂ ಬೇಗ. ಒಂದೊಂದು ಹೆಣ್ಣು ನೂರಾರು ಮೊಟ್ಟೆಯನ್ನು ಎಳೆಯ ಎಲೆಗಳ ಮೇಲೆ ಬಿಡಿಬಿಡಿಯಾಗಿ ಇಡುತ್ತದೆ. ಹುಳು ಎಲೆಯ ಅಂಚನ್ನು ಕತ್ತರಿಸಿ ಮಡಿಚಿ, ನೂಲಿನಿಂದ ಹೊಲಿದು, ಆ ಮಡಿಕೆಯೊಳಗಿದ್ದುಕೊಂಡು ತಿನ್ನುತ್ತದೆ. ದಪ್ಪ ನರಗಳಷ್ಟೇ ಉಳಿಯುತ್ತವೆ. ಬೆಳೆದ ಮೇಲೆ ನೂಲೆಳೆ ಹಿಡಿದು ಮರದಿಂದ ಇಳಿದು ತರಗೆಲೆಯ ನಡುವೆ ಕೋಶವಾಗುತ್ತದೆ. ನಿಮ್ಮ ತಲೆಗೆ, ಕೊಡೆಗೆ ಸಿಕ್ಕಿಕೊಳ್ಳುವುದು ಆ ಎಳೆಗಳೇ. ಜಾವಾದಲ್ಲಿ ತೇಗದ ಕಾಡಿನಂಚಿನ ಜನ ಈ ಕೋಶಗಳನ್ನು ಹೆಕ್ಕಿ ಹುರಿದು ತಿನ್ನುತ್ತಾರೆ. ನೀವು ತಿನ್ನಿ ಎನ್ನುತ್ತಿಲ್ಲ, ಸುದ್ದಿ ಹೇಳಿದೆ.

ಮರ ಸಾಯುವುದಿಲ್ಲ. ಮತ್ತೆ ಚಿಗುರುತ್ತದೆ, ಆದರೆ ಕಾಂಡಕ್ಕೆ ಹೋಗಬೇಕಾದ ಶಕ್ತಿ ಎಲೆಗೆ ಹೋಗುತ್ತದೆ. ಕೇರಳದ ನಿಲಂಬೂರಿನ ತೇಗದ ನೆಡುತೋಪಿನಲ್ಲಿ ಕೇರಳ ಅರಣ್ಯ ಸಂಶೋಧನಾ ಸಂಸ್ಥೆಯವರು ಹುಳು ಹತ್ತಿದ ಮರಗಳನ್ನೂ ರಕ್ಷಿಸಿದ ಮರಗಳನ್ನೂ ಐದು ವರ್ಷ ಅಳೆದಾಗ, ಆಗಬೇಕಿದ್ದ ಬೆಳವಣಿಗೆಯಲ್ಲಿ ಶೇ 44ರಷ್ಟು ನಷ್ಟ ಕಂಡಿತು. ಈ ಹುಳುವಿಗೆ ತಗಲುವ ಒಂದು ವೈರಸ್ಸನ್ನೇ ಸಿಂಪಡಿಸಿ ಹತೋಟಿಗೆ ತರಬಹುದೆಂದೂ ಅದೇ ಸಂಸ್ಥೆ ತೋರಿಸಿಕೊಟ್ಟಿದೆ. ರೇಷ್ಮೆಯವರಿಗೆ ಹಾಲುತೊಂಡೆ ರೋಗ ಗೊತ್ತಿದ್ದರೆ ಇದೂ ಅಂಥದ್ದೇ: ಹುಳು ಮೆತ್ತಗಾಗಿ, ಚರ್ಮ ಒಡೆದು, ನೀರಾಗಿ ಸುರಿಯುತ್ತದೆ. ಒಬ್ಬರ ಮನೆ ಮುಳುಗಿಸುವ ರೋಗದ ಜಾತಿ ಇನ್ನೊಬ್ಬರ ತೋಪು ಕಾಯುತ್ತದೆ.

ಮಳೆಗಾಲ ಕಳೆದ ಮೇಲೆ ತೇಗದ ಎಲೆ ಜಾಲರಿಯಾಗುವುದು ಕಂಡರೆ ಅದು ಬೇರೆ ಪತಂಗದ ಹುಳು. ಅದು ಸಣ್ಣ ನರಗಳನ್ನೂ ಬಿಟ್ಟು ನಡುವಿನ ಹಸಿರನ್ನು ಮಾತ್ರ ಕೆರೆಯುತ್ತದೆ. ಎಲೆಯ ಆಯುಷ್ಯವೂ ಆ ಹೊತ್ತಿಗೆ ಮುಗಿಯುತ್ತ ಬಂದಿರುವುದರಿಂದ ಅಷ್ಟು ತಲೆ ಕೆಡಿಸಿಕೊಳ್ಳಬೇಕಿಲ್ಲ.

ಪ್ರಶ್ನೆ: ನಮ್ಮದು ಕೊಡಗಿನಲ್ಲಿ ಹೋಂಸ್ಟೇ. ರಾತ್ರಿಯಿಡೀ ಅಂಗಳದ ದೀಪಕ್ಕೆ ಪತಂಗಗಳು ಮುತ್ತುತ್ತವೆ. ಬೆಳಿಗ್ಗೆ ಗುಡಿಸಿ ಸಾಕಾಗುತ್ತದೆ. ಅವುಗಳಿಗೆ ಬೆಳಕೆಂದರೆ ಅಷ್ಟು ಮೋಹವೇಕೆ?
– ಮಡಿಕೇರಿ

ಉತ್ತರ: ಮೋಹವಲ್ಲ, ದಿಕ್ಕು ತಪ್ಪುವುದು. ಕಾಡಿನಲ್ಲಿ ರಾತ್ರಿಯ ಆಕಾಶ ನೆಲಕ್ಕಿಂತ ಬೆಳಕಾಗಿರುತ್ತದೆ. ಬೆನ್ನನ್ನು ಬೆಳಕಿಗೆ ಒಡ್ಡಿಕೊಂಡು ಹಾರಿದರೆ ಮೇಲೆ ಯಾವುದು ಕೆಳಗೆ ಯಾವುದು ಎಂದು ಕೀಟಕ್ಕೆ ತಿಳಿಯುತ್ತದೆ. ನಿಮ್ಮ ದೀಪ ಎದುರಾದಾಗಲೂ ಅದು ಬೆನ್ನನ್ನು ಆ ಕಡೆಗೇ ಹೊರಳಿಸುತ್ತದೆ, ಹೊರಳಿದಂತೆಲ್ಲ ಸುತ್ತು ಹಾಕುತ್ತದೆ, ಕೆಲವೊಮ್ಮೆ ಮಗುಚಿ ಬೀಳುತ್ತದೆ. ಅತಿವೇಗದ ಕ್ಯಾಮೆರಾಗಳಿಂದ ಇದನ್ನು ಚಿತ್ರೀಕರಿಸಿದ ಅಧ್ಯಯನ 2024ರಲ್ಲಿ ಪ್ರಕಟವಾಯಿತು. ವಾರದ ಆಯುಷ್ಯವಿರುವ, ಮತ್ತೆ ಹೊಟ್ಟೆ ತುಂಬಿಸಿಕೊಳ್ಳಲಾಗದ ಪತಂಗ ನಿಮ್ಮ ಬಲ್ಬಿನ ಸುತ್ತ ಕಳೆಯುವ ಒಂದು ರಾತ್ರಿ ಎಂದರೆ ಏನೆಂದು ಹಿಂದಿನ ಉತ್ತರಗಳನ್ನು ಓದಿದವರಿಗೆ ಬಿಡಿಸಿ ಹೇಳಬೇಕಿಲ್ಲ. ಅತಿಥಿಗಳು ಮಲಗಿದ ಮೇಲೆ ದೀಪ ಆರಿಸಿ. ಆರಿಸಲಾಗದಿದ್ದರೆ ಮೇಲೆ ಮರೆಯಿರುವ, ನೆಲಕ್ಕಷ್ಟೇ ಬೀಳುವ, ಹಳದಿ ಬಣ್ಣದ ಮಂದ ದೀಪ ಹಾಕಿ. ಗುಡಿಸುವ ಕೆಲಸವೂ ಕಡಿಮೆಯಾಗುತ್ತದೆ, ಕರೆಂಟ್ ಬಿಲ್ಲೂ.

ಪ್ರಶ್ನೆ: ಪತಂಗದ ರೆಕ್ಕೆಯ ಪುಡಿ ಕಣ್ಣಿಗೆ ಬಿದ್ದರೆ ಕುರುಡಾಗುತ್ತಾರೆ ಎಂಬುದು ನಿಜವೇ?
– ಚನ್ನಪಟ್ಟಣ

ಉತ್ತರ: ಸುಳ್ಳು. ಅವು ರೆಕ್ಕೆಯ ಹುರುಪೆಗಳು, ಧೂಳು ಬಿದ್ದ ಹಾಗೆ ಕಣ್ಣು ಚುರುಗುಟ್ಟಬಹುದು, ತೊಳೆದುಕೊಳ್ಳಿ. ಹೆದರಬೇಕಾದದ್ದು ಕಂಬಳಿಹುಳುವಿನ ರೋಮಕ್ಕೆ. ಅದು ಕಣ್ಣಿಗೆ ಹೊಕ್ಕರೆ ಉಜ್ಜದೆ ನೇರ ವೈದ್ಯರ ಬಳಿ ಹೋಗಿ.

ಪ್ರಶ್ನೆ: ಅಜ್ಜಿ, ನಾನು ಏಳನೆಯ ತರಗತಿ. ನಮ್ಮ ಮನೆಯ ರೇಷ್ಮೆ ಹುಳುಗಳನ್ನು ಕಾಡಿಗೆ ಬಿಟ್ಟರೆ ಅವೂ ಅಟ್ಲಾಸಿನ ಹಾಗೆ ಸ್ವತಂತ್ರವಾಗಿ ಬದುಕುತ್ತವೆಯೇ?
– ಶಿಡ್ಲಘಟ್ಟ

ಉತ್ತರ: ಇಲ್ಲ ಪುಟ್ಟಾ. ಸಾವಿರಾರು ವರ್ಷ ಮನುಷ್ಯರು ತಟ್ಟೆಯಲ್ಲಿ ಸೊಪ್ಪು ಹಾಕಿ ಸಾಕಿದ್ದರಿಂದ ನಮ್ಮ ರೇಷ್ಮೆ ಹುಳು ಆಹಾರ ಹುಡುಕಿಕೊಂಡು ಹೋಗುವುದನ್ನೇ ಬಿಟ್ಟಿದೆ. ಕೊಂಬೆಯ ಮೇಲೆ ಬಿಟ್ಟರೆ ಗಟ್ಟಿಯಾಗಿ ಹಿಡಿದುಕೊಳ್ಳಲೂ ಅದಕ್ಕೆ ಬಾರದು, ಬಿಳಿ ಮೈ ಎಂದು ಹಕ್ಕಿಗೆ ದೂರದಿಂದಲೇ ಕಾಣುತ್ತದೆ, ಪತಂಗವಾದರೆ ಹಾರಲಾರದು. ಅದರ ಕಾಡಿನ ಪೂರ್ವಜರು ಚೀನಾದ ಕಡೆ ಈಗಲೂ ಇವೆ, ಬೂದು ಬಣ್ಣದವು, ಚೆನ್ನಾಗಿ ಹಾರುತ್ತವೆ. ನಿಮ್ಮ ಮನೆಯ ಹುಳುವನ್ನು ನಂದಿಬೆಟ್ಟದ ಕಾಡಿಗೆ ಬಿಡುವುದೂ ಒಂದೇ, ಪಕ್ಕದ ಮನೆಯ ಕೋಳಿಗೆ ಹಾಕುವುದೂ ಒಂದೇ. ಅಪ್ಪನನ್ನು ಕೇಳದೆ ಎರಡನ್ನೂ ಮಾಡಬೇಡ.